ಸುಣ್ಣ ಚೆಲ್ಲಿದ ಜಿಂಕೆ

ವಿಡಿಯೊ ಕಳಿಸಿದ್ದು ನನ್ನ ಗೆಳತಿ. ನಾವಿಬ್ಬರೂ ಜಯನಗರದ ಒಂದೇ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇವೆ. ಅವಳು ಕೆಮಿಸ್ಟ್ರಿ, ನಾನು ಬಯಾಲಜಿ. ಅಂಜನಾಪುರದಲ್ಲಿ ಲೇಔಟ್ ಮುಗಿದು ಕಾಡು ಶುರುವಾಗುವ ಕಡೆ ಅವಳ ಫ್ಲ್ಯಾಟು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ನವಿಲು ಕಂಡಿತು, ಮುಂಗುಸಿ ಓಡಿತು ಎಂದು ಆಗಾಗ ಏನಾದರೂ ಕಳಿಸುತ್ತಲೇ ಇರುತ್ತಾಳೆ. ಆ ಭಾನುವಾರ ಬೆಳಿಗ್ಗೆ ಬಂದ ವಿಡಿಯೊದ ಕೆಳಗೆ ಹೀಗೆ ಬರೆದಿದ್ದಳು: "ಬಯಾಲಜಿ ಮೇಡಂ, ಇದು ಜಿಂಕೆನಾ, ಹಸುನಾ? ಬೇಗ ಹೇಳು."

ತಂತಿಬೇಲಿಯ ಆಚೆ ಚುಕ್ಕೆ ಜಿಂಕೆಗಳ ಹಿಂಡು ಮೇಯುತ್ತಿತ್ತು. ಅವುಗಳ ನಡುವೆ ಒಂದು ಹೆಣ್ಣು ಜಿಂಕೆ, ಮುಕ್ಕಾಲು ಪಾಲು ಅಚ್ಚ ಬಿಳಿ. ಬೆನ್ನಿನ ಮೇಲೆ, ತೊಡೆಯ ಮೇಲೆ ತೇಪೆ ಹಾಕಿದ ಹಾಗೆ ಅಲ್ಲಲ್ಲಿ ಕಂದು ಬಣ್ಣ. ಆ ತೇಪೆಗಳೊಳಗೆ ಮಾತ್ರ ಚುಕ್ಕೆಗಳು. ವಿಡಿಯೊ ನಡುಗುತ್ತಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಬಟಾಣಿ ಗಿಡವನ್ನೂ ಮುಂದಿನ ಪೀಳಿಗೆಯ ಲೆಕ್ಕದ ಚೌಕಗಳನ್ನೂ ಬರೆದು ಆನುವಂಶಿಕತೆ ಪಾಠ ಮಾಡಿದ್ದೇನೆ. ಬೋರ್ಡಿನ ಆ ಚೌಕಗಳಿಂದ ಎದ್ದು ಹೊರಗೆ ಬಂದು ಹುಲ್ಲು ತಿನ್ನುವ ಪ್ರಾಣಿಯೊಂದನ್ನು ನೋಡಿದ್ದು ಅದೇ ಮೊದಲು.

ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಜೆಪಿ ನಗರದಲ್ಲಿದ್ದಾರೆ. ಆಗ ದೋಸೆ ತಿನ್ನುತ್ತಿದ್ದರು. ಫೋನನ್ನು ಅವರ ತಟ್ಟೆಯ ಪಕ್ಕದಲ್ಲಿ ಹಿಡಿದು, "ನೋಡಿ ಅಪ್ಪ, ಎಂಥದಿದು ಅಂತ," ಎಂದೆ.

ಅಪ್ಪ ನೋಡಿದರು. ದೋಸೆಯ ಚೂರು ಕೈಯಲ್ಲೇ ಉಳಿಯಿತು.

"ಇನ್ನೊಂದ್ಸಲ ಹಾಕು."

ಹಾಕಿದೆ.

"ದೊಡ್ಡದು ಮಾಡೆ. ಮುಖ ತೋರ್ಸು, ಮುಖ."

ಮುಖ ಹಿಗ್ಗಿಸಿದೆ. ಅಪ್ಪ ಎದ್ದು ನಿಂತುಬಿಟ್ಟರು. ಮಂಡಿ ನೋವೆಂದು ಕುರ್ಚಿಯ ತೋಳು ಹಿಡಿದು ಏಳುವ ಮನುಷ್ಯ ಏನನ್ನೂ ಹಿಡಿಯದೆ ಎದ್ದಿದ್ದರು.

"ಇದೇ ಕಣೆ! ಇದೇ! ದವಡೆ ನೋಡು, ಸೊಟ್ಟಗಿದೆ. ಬೆನ್ನು ನೋಡು!" ಎಂದವರೇ ಎಡಗೈಯಲ್ಲಿ ತಮ್ಮ ಫೋನು ಎತ್ತಿಕೊಂಡರು. ಯಾರಿಗೆಂದು ನಾನು ಕೇಳಬೇಕಾಗಿರಲಿಲ್ಲ. "ಲೋ ಗೌಡ, ಏನ್ ಮಾಡ್ತಿದ್ದೀಯೋ? ಚಪ್ಪಲಿ ಹಾಕ್ಕೊಂಡು ಮೇನ್ ರೋಡಿಗೆ ಬಂದು ನಿಂತ್ಕೊ. ನಮ್ ಮೇಕೆ ಸಿಕ್ಕಿದೆ."

ಅಪ್ಪ ಒಂದು ಕಾಲದಲ್ಲಿ ಶಿಕಾರಿಗೆ ಹೋಗುತ್ತಿದ್ದರು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಹೆಚ್ಚು ಮಾತಾಡದ ವಿಷಯ. ವನ್ಯಜೀವಿ ಕಾಯ್ದೆ ಬರುವುದಕ್ಕೆ ಮುಂಚಿನ ಮಾತು ಅದು. ಜರಗನಹಳ್ಳಿ ಆಗ ಪೂರ್ತಿ ಹಳ್ಳಿ. ಅಪ್ಪ ಹೊಸದಾಗಿ ಫ್ಯಾಕ್ಟರಿಗೆ ಸೇರಿದ ಹುಡುಗ. ಗೌಡ ಮಾಮನ ಮನೆಯ ಹಿತ್ತಿಲಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದರು. ಗೌಡ ಮಾಮನ ತಂದೆಯ ಹತ್ತಿರ ಲೈಸೆನ್ಸಿನ ಜೋಡಿ ನಳಿಗೆಯ ಕೋವಿ ಇತ್ತು. ರಜೆ ಬಂತೆಂದರೆ ಸ್ನೇಹಿತರಿಬ್ಬರೂ ಅದನ್ನು ಹೊತ್ತು ಕನಕಪುರದ ಕಡೆಯ ಕಾಡಿಗೆ ಹೋಗುತ್ತಿದ್ದರು. ಕಾಯ್ದೆ ಬಂತು, ಕೋವಿ ಠಾಣೆ ಸೇರಿತು, ಅಪ್ಪನಿಗೆ ಮದುವೆಯಾಯಿತು. ಗೌಡರ ಹೊಲಗಳ ಮೇಲೆ ಬಾಡಿಗೆ ಮನೆಗಳು ಎದ್ದವು. ಸ್ನೇಹ ಮಾತ್ರ ಹಾಗೇ ಇತ್ತು. ಈಗಲೂ ಇಬ್ಬರೂ ದಿನಾ ಬೆಳಿಗ್ಗೆ ಒಂದೇ ದರ್ಶಿನಿಯಲ್ಲಿ ಒಂದೇ ಕಾಫಿಯನ್ನು ಬೈಟೂ ಮಾಡಿ ಕುಡಿದು, ಪ್ರಪಂಚದ ಎಲ್ಲ ವಿಷಯಕ್ಕೂ ಜಗಳವಾಡಿ ಮನೆಗೆ ಹೋಗುತ್ತಾರೆ.

ನಾವು ಕಾರಿನಲ್ಲಿ ಜರಗನಹಳ್ಳಿ ತಲುಪಿದಾಗ ಗೌಡ ಮಾಮ ಆಗಲೇ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಉದ್ದನೆಯ ಕೊಡೆ. ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತು ವಿಡಿಯೊ ನೋಡಿದರು. ಮತ್ತೆ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಅಲ್ಲಾ ಕಣವ್ವ," ಎಂದರು ನನಗೆ, "ಇದು ನಮಗೆ ಸಿಕ್ಕಿದ್ದರ ಮೊಮ್ಮಗಳೇ ಇರ್ಬೇಕು."

"ಏನು ಸಿಕ್ಕಿತ್ತು? ಯಾವ ಮೇಕೆ? ಯಾರಾದರೂ ಸರಿಯಾಗಿ ಹೇಳ್ತೀರಾ?" ಎಂದೆ.

ಮೆಟ್ರೋ ಕಂಬಗಳ ಕೆಳಗೆ ಕನಕಪುರ ರಸ್ತೆಯಲ್ಲಿ ಕಾರು ನಿಂತು ನಿಂತು ಸಾಗುತ್ತಿದ್ದಾಗ, ನನಗೆ ಅಲ್ಲಿಯವರೆಗೆ ಗೊತ್ತೇ ಇರದ ಕಥೆಯನ್ನು ಇಬ್ಬರೂ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳಿದರು.

"ಬೆಳಕು ಹರೀತಾ ಇತ್ತು," ಎಂದರು ಅಪ್ಪ. "ಒಣಗಿದ ಹಳ್ಳದ ಮರಳಲ್ಲಿ ಹೊಟ್ಟೆ ಮೇಲೆ ಮಲಗಿದ್ವಿ."

"ಕೋವಿ ಇವನ ಕೈಲಿ," ಗೌಡ ಮಾಮ ನಡುವೆ ಬಾಯಿ ಹಾಕಿದರು. "ಹಿಂಡು ಬಂತು. ಹೊಡಿಯೋ ಅಂದೆ. ಇವನು ಬಾಯ್ ಬಿಟ್ಕೊಂಡು ನೋಡ್ತಾವ್ನೆ."

"ಹೆಂಗ್ ಹೊಡೀಲಿ? ಯಾರೋ ಸುಣ್ಣದ ಗಡಿಗೆ ತಂದು ಅದರ ಮೇಲೆ ಚೆಲ್ಲಿದಂಗಿತ್ತು. ಜಿಂಕೆ ಅಂತ ಗೊತ್ತು, ಆದ್ರೂ ಕಣ್ಣು ನಂಬ್ತಿಲ್ಲ. ಆಮೇಲೆ ಇವನೇ ಕೋವಿ ಕಿತ್ಕೊಂಡು ಗುರಿ ಇಟ್ಟ. ಅದು ತಿರುಗಿ ನೋಡ್ತು. ಕೆಳದವಡೆ ಸೊಟ್ಟ, ಬೆನ್ನು ಗೂನು. ನಿಂತಿದ್ದೇ ಒಂಥರಾ ಕಷ್ಟದಲ್ಲಿ. ಇವನಿಗೆ ಏನನ್ನಿಸ್ತೋ, ಕೋವಿ ಇಳಿಸ್ಬಿಟ್ಟ."

"ಇಳಿಸ್ಲಿಲ್ಲ ಕಣಯ್ಯಾ! ಕೋವಿ ಕುದುರೆ ಎಳ್ದೆ. ತೋಟಾ ಥಂಡಿ ಹಿಡಿದಿತ್ತು, ಹಾರ್ಲಿಲ್ಲ."

"ಕುದುರೆ ಎಳೆದ ಸದ್ದು ನನಗೆ ಕೇಳ್ಲಿಲ್ಲ."

"ನಿನ್ ಕಿವಿ ಅವಾಗ್ಲೇ ಹೋಗಿತ್ತು."

ಬರಿಗೈಯಲ್ಲಿ ಊರಿಗೆ ಬಂದವರು ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾರೆ. ಊರೆಲ್ಲ ನಕ್ಕಿತಂತೆ. ಯಾರದೋ ಹಟ್ಟಿಯಿಂದ ತಪ್ಪಿಸಿಕೊಂಡ ಮೇಕೆಯನ್ನು ನೋಡಿ ಹೆದರಿ ಓಡಿಬಂದಿದ್ದಾರೆ ಎಂದರಂತೆ. ಅಂದಿನಿಂದ ಅಪ್ಪ 'ಮೇಕೆ ಶಿಕಾರಿ'. ಮದುವೆಯ ದಿನ ಆರತಕ್ಷತೆಗೆ ಬಂದವರೂ ಕೈಕುಲುಕಿ, "ಏನಪ್ಪಾ, ಮೇಕೆ ಹೊಡೆದ್ಯಾ?" ಎಂದು ಕೇಳಿದ್ದರಂತೆ. ಹೀಗಾಗಿ ಅಪ್ಪ ಆ ಜಿಂಕೆಯ ಮಾತನ್ನೇ ಬಿಟ್ಟಿದ್ದರು. ನನ್ನಂಥ ಬಯಾಲಜಿ ಮೇಡಂ ಮನೆಯಲ್ಲಿದ್ದರೂ ಒಂದು ಸಲವೂ ಕೇಳಿರಲಿಲ್ಲ.

"ಅದೇನು, ತೊನ್ನು ರೋಗನಾ?" ಗೌಡ ಮಾಮ ಕೇಳಿದರು.

"ಅಲ್ಲ ಮಾಮ. ತೊನ್ನು ಆಮೇಲೆ ಬರೋದು. ಇದು ಹುಟ್ಟಿನಿಂದಲೇ ಇರೋದು. ಮೈಬಣ್ಣ ತಯಾರು ಮಾಡೋ ಜೀವಕೋಶಗಳು ತಾಯಿ ಹೊಟ್ಟೆಯಲ್ಲಿರುವಾಗಲೇ ಎಲ್ಲ ಕಡೆಗೂ ಹೋಗಿ ಸೇರ್ಬೇಕು. ಇದರಲ್ಲಿ ಕೆಲವು ಕಡೆಗೆ ಹೋಗಲ್ಲ. ಹೋಗದೇ ಇರೋ ಜಾಗ ಬಿಳಿ. ಇಂಥವಕ್ಕೆ ಎಷ್ಟೋ ಸಲ ದವಡೆ ಗಿಡ್ಡ, ಬೆನ್ನು ಸೊಟ್ಟ, ಕಾಲು ಚಿಕ್ಕದು, ಇವೆಲ್ಲ ಜೊತೆಗೇ ಬರುತ್ತೆ. ಪೂರ್ತಿ ಬಿಳಿ ಇದ್ದು ಕಣ್ಣು ಕೆಂಪಾಗಿದ್ರೆ ಅದು ಬೇರೆ ವಿಷಯ. ಇದರ ಕಣ್ಣು ಕಪ್ಪು."

ಕಾರು ಓಡಿಸುತ್ತಲೇ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದ್ದರು. "ಅಂದ್ರೆ ದವಡೆ ಸೊಟ್ಟ ಇದ್ದಿದ್ದೂ ನಿಜ," ಎಂದರು. ಯಾರಿಗೂ ಹೇಳಿದ್ದಲ್ಲ.

ಆ ಭಾನುವಾರ ನಮಗೇನೂ ಸಿಗಲಿಲ್ಲ. ಗೆಳತಿಯ ಬಾಲ್ಕನಿಯಲ್ಲಿ ಮೂರು ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತೆವು. ಬೇಲಿಯಾಚೆ ಪೊದೆಗಳು, ಬಂಡೆ, ಬಿಸಿಲು. ಒಂದು ಕೋತಿ ಬಂದು ನಮ್ಮನ್ನೇ ನೋಡಿ ಹೋಯಿತು. ಗೆಳತಿ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟಳು. ಅವಳಿಗೆ ಈ ಹಿರಿಯರಿಬ್ಬರ ಮೇಲೆ ಎಷ್ಟು ಪ್ರೀತಿ ಬಂದಿತೆಂದರೆ, "ಸೆಕೆಂಡ್ ಸ್ಯಾಟರ್ಡೇ ಬನ್ನಿ ಅಂಕಲ್, ಬೆಳಿಗ್ಗೆ ಬೇಗ ಬನ್ನಿ. ಅದು ಹುಲ್ಲಿಗೆ ಬರೋದು ಬಿಸಿಲು ಏರೋಕೆ ಮುಂಚೆ," ಎಂದು ತಾನೇ ಕರೆದಳು.

ಆ ಶನಿವಾರ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆಲ್ಲ ಅಲ್ಲಿದ್ದೆವು. ಗೌಡ ಮಾಮ ಎಲ್ಲಿಂದಲೋ ಒಂದು ದುರ್ಬೀನು ತಂದಿದ್ದರು. ಅದರ ಒಂದು ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು. ಅದನ್ನು ಹಿಡಿದು ಕಾಡಿನ ಕಡೆ ಹುಡುಕುತ್ತಿದ್ದವರ ಭುಜವನ್ನು ಅಪ್ಪ ಮೆಲ್ಲಗೆ ತಟ್ಟಿದರು.

"ಅಲ್ಲಿ ಏನ್ ನೋಡ್ತಿದ್ದೀಯ? ಕೆಳಗೆ ನೋಡು."

ಜಿಂಕೆ ಬೇಲಿಯ ಈಚೆಗೆ ಬಂದಿತ್ತು. ಗೆಳತಿಯ ಕಟ್ಟಡಕ್ಕೂ ಬೇಲಿಗೂ ನಡುವೆ ಒಂದಷ್ಟು ಖಾಲಿ ಸೈಟುಗಳಿವೆ, ಮಳೆ ಬಿದ್ದು ಹಸಿರು ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಆ ಹಸಿರಿನ ನಡುವೆ ಅದು ನಿಂತಿತ್ತು. ಹೇಗೆ ಹೇಳಲಿ? ಎಳೆ ಬಿಸಿಲಿನಲ್ಲಿ ಆ ಬಿಳಿ ಬಣ್ಣ ಕಣ್ಣು ಕುಕ್ಕುತ್ತಿತ್ತು. ಒಂದು ಕಿವಿ ಕಂದು, ಒಂದು ಕಿವಿ ಬಿಳಿ. ಹುಲ್ಲನ್ನು ಎಲ್ಲ ಜಿಂಕೆಗಳಂತೆ ಕಚ್ಚಿ ಎಳೆಯಲು ಆಗದೆ, ಮುಖವನ್ನು ಪಕ್ಕಕ್ಕೆ ವಾಲಿಸಿ ಬಾಯಿಯ ಒಂದು ಬದಿಯಿಂದ ಕೀಳುತ್ತಿತ್ತು. ಹೊಟ್ಟೆ ತುಂಬಿದ ಹಾಗಿತ್ತು.

"ಗಬ್ಬ ಆಗೈತೆ," ಎಂದು ಗೌಡ ಮಾಮ ಉಸಿರಿನಲ್ಲೇ ಹೇಳಿದರು.

ನಾನು ಖುಷಿಯಿಂದ ಗೆಳತಿಯ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳು ಬಿಡಿಸಿಕೊಂಡಳು. ಆಗಲೇ ರಸ್ತೆಯಲ್ಲಿ ಎರಡು ಬೈಕುಗಳು ನಿಂತವು. "ಮಗಾ, ನೋಡೋ, ವೈಟ್ ಜಿಂಕೆ! ಸಖತ್ತಾಗಿದೆ ಗುರು!" ಎಂದು ಕೂಗುತ್ತಾ ಫೋನು ಎತ್ತಿಕೊಂಡು ಒಬ್ಬ ಹುಲ್ಲಿಗೆ ಇಳಿದೇಬಿಟ್ಟ. ಅವನ ಗದ್ದಲಕ್ಕೆ ಬೀದಿನಾಯಿಗಳು ಎದ್ದವು. ಜಿಂಕೆ ತಲೆಯೆತ್ತಿತು. ಬಂದ ದಾರಿಗೆ ನಾಯಿಗಳು ಅಡ್ಡ ಬಂದಿದ್ದವು. ಕುಂಟುತ್ತಾ ಓಡಿ, ಅರ್ಧ ಕಟ್ಟಿದ ಕಾಂಪೌಂಡಿನ ಮೂಲೆಯೊಂದಕ್ಕೆ ಹೋಗಿ ಸಿಕ್ಕಿಕೊಂಡಿತು.

ಗೆಳತಿ ಅರಣ್ಯ ಇಲಾಖೆಗೆ ಫೋನು ಮಾಡಿದಳು. ಹೊರಡುತ್ತೇವೆ, ಅಲ್ಲಿಯವರೆಗೆ ಯಾರೂ ಅದರ ಹತ್ತಿರ ಹೋಗಬೇಡಿ ಎಂದರಂತೆ. ಸರಿಯಾದ ಮಾತೇ. ಆದರೆ ನಾಯಿಗಳಿಗೆ ಅದನ್ನು ಹೇಳುವವರು ಯಾರು? ನಾನು ತಿರುಗಿ ನೋಡುವಷ್ಟರಲ್ಲಿ ಅಪ್ಪನೂ ಗೌಡ ಮಾಮನೂ ಮೆಟ್ಟಿಲಿಳಿಯುತ್ತಿದ್ದರು. ಲಿಫ್ಟಿಗೆ ಕಾಯಲೂ ಇಲ್ಲ. ನಾವೂ ಅವರ ಹಿಂದೆ ಓಡಿದೆವು.

ಕೆಳಗೆ ಬಂದ ಕೂಡಲೇ ಹಿರಿಯರಿಬ್ಬರಿಗೂ ಜಗಳ. ಗೌಡ ಮಾಮ ಕೊಡೆ ಎತ್ತಿ, "ನಾನು ಹಿಂದಿಂದ ಗದರಿಸ್ತೀನಿ. ಒಂದೇ ಓಟಕ್ಕೆ ಕಾಡು ಸೇರ್ಲಿ," ಎಂದರು.

"ಓಡಿಸ್ಬೇಡ ಕಣೋ!" ಅಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಓಡಿದ್ರೆ ತಂತಿಗೆ ಬೀಳತ್ತೆ. ಬಸುರಿ ಅದು. ನಡೆಸ್ಕೊಂಡು ಹೋಗ್ಬೇಕು. ನೀನು ಆ ನಾಯಿಗಳನ್ನ ನೋಡ್ಕೊ."

ಅಷ್ಟು ವರ್ಷಗಳ ಸ್ನೇಹದಲ್ಲಿ ಗೌಡ ಮಾಮ ಅಪ್ಪನ ಮಾತನ್ನು ಮರುಮಾತಿಲ್ಲದೆ ಕೇಳಿದ್ದನ್ನು ನಾನು ಅಂದು ಮಾತ್ರ ಕಂಡಿದ್ದೇನೆ. ಅವರು ಪಂಚೆ ಮೇಲೆತ್ತಿ ಕಟ್ಟಿ, ಕೊಡೆ ಬೀಸುತ್ತಾ ನಾಯಿಗಳ ಕಡೆ ನಡೆದರು. ಜರಗನಹಳ್ಳಿಯ ಬಾಡಿಗೆದಾರರನ್ನೆಲ್ಲ ನಡುಗಿಸಿದ ಗಂಟಲು ಅದು. ಒಂದೇ ಕೂಗಿಗೆ ನಾಯಿಗಳು ಚೆಲ್ಲಾಪಿಲ್ಲಿಯಾದವು. ಫೋನು ಹಿಡಿದವನೂ "ಸಾರಿ ಅಂಕಲ್" ಎಂದು ರಸ್ತೆಗೆ ಹಾರಿದ.

ಅಪ್ಪ ನಮ್ಮ ಕಡೆ ತಿರುಗಿದರು. "ದೊಡ್ಡ ಬೆಡ್‌ಶೀಟ್ ಇದೆಯೇನಮ್ಮಾ?"

ಗೆಳತಿ ಮೇಲಕ್ಕೆ ಓಡಿ ಬಾಲ್ಕನಿಯಲ್ಲಿ ಒಣಗುತ್ತಿದ್ದ ಹೂವಿನ ಚಿತ್ರದ ಡಬಲ್ ಬೆಡ್‌ಶೀಟನ್ನು ತಂದಳು. ನಾವಿಬ್ಬರೂ ಒಂದೊಂದು ತುದಿ ಹಿಡಿದು ಅಗಲಿಸಿ ನಿಂತೆವು. ಜಿಂಕೆಗೆ ಅದು ಗೋಡೆಯ ಹಾಗೆ ಕಾಣುತ್ತದೆ, ಮೆಲ್ಲಗೆ ಹೆಜ್ಜೆ ಹಾಕಿ, ಅದು ನಿಂತರೆ ನೀವೂ ನಿಲ್ಲಿ ಎಂದರು ಅಪ್ಪ. ಬೇಲಿಯ ಕೆಳಗೆ ಮಳೆನೀರಿನ ಚರಂಡಿ ಹೋಗುವ ಕಡೆ ಮಣ್ಣು ಕೊಚ್ಚಿ ಸಂದಿಯೊಂದು ಬಿದ್ದಿತ್ತು. ಜಿಂಕೆ ಬಂದಿದ್ದು ಅಲ್ಲಿಂದ, ಹೋಗಬೇಕಾಗಿದ್ದೂ ಅಲ್ಲಿಂದ. ಸಂದಿಗೂ ರಸ್ತೆಗೂ ನಡುವೆ ತೆರವಾಗಿದ್ದ ಜಾಗದಲ್ಲಿ ಅಪ್ಪ ಎರಡೂ ಕೈ ಚಾಚಿ ನಿಂತರು.

ನಾವು ಒಂದು ಹೆಜ್ಜೆ ಇಟ್ಟೆವು. ಜಿಂಕೆ ಮೂಲೆಯಿಂದ ಹೊರಗೆ ಬಂತು. ಅದರ ಪಕ್ಕೆಗಳು ಏರಿ ಇಳಿಯುತ್ತಿದ್ದವು. ಮುಂಗಾಲೊಂದು ಚಿಕ್ಕದಾಗಿ, ಪ್ರತಿ ಹೆಜ್ಜೆಗೂ ಭುಜ ಕುಸಿಯುತ್ತಿತ್ತು. ಇಷ್ಟು ಹತ್ತಿರದಿಂದ ಅದರ ರೆಪ್ಪೆ ಕಾಣುತ್ತಿತ್ತು. ಬಿಳಿ ಮುಖದಲ್ಲಿ ಬಿಳಿಯ ಉದ್ದನೆಯ ರೆಪ್ಪೆಗಳು, ನಡುವೆ ಕಾಡಿಗೆ ಕಪ್ಪಿನ ಕಣ್ಣು. ಗಾಳಿಗೆ ಬೆಡ್‌ಶೀಟಿನ ಹೂವುಗಳೆಲ್ಲ ಅಲ್ಲಾಡುತ್ತಿದ್ದವು. ನಿಂತೆವು, ನಡೆದೆವು, ನಿಂತೆವು.

ಚರಂಡಿಯ ಹತ್ತಿರ ಬಂದಾಗ ರಸ್ತೆಯಲ್ಲಿ ಯಾವುದೋ ಗೂಡ್ಸ್ ಆಟೋ ಹಾರ್ನ್ ಹೊಡೆಯಿತು. ಜಿಂಕೆ ಬೆಚ್ಚಿ ತಿರುಗಿ ಸೀದಾ ಅಪ್ಪನ ಕಡೆಗೆ ನೆಗೆಯಿತು. ನಾನು ಕೂಗಿಕೊಂಡೆ. ಅಪ್ಪ ಅಲುಗಲಿಲ್ಲ. ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ಅದು ಅವರ ಮುಂದೆ, ಕೈಗೆ ಸಿಗುವಷ್ಟು ಹತ್ತಿರ ನಿಂತುಬಿಟ್ಟಿತು. ಅಪ್ಪ ಅದನ್ನು ನೋಡಿದರು, ಅದು ಅಪ್ಪನನ್ನು ನೋಡಿತು. "ಹೋಗು ತಾಯಿ," ಎಂದರು ಅಪ್ಪ, ಮನೆಯವರಿಗೆ ಹೇಳುವ ಹಾಗೆ. ಅದು ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟು, ಪಕ್ಕಕ್ಕೆ ಹೊರಳಿ, ಚರಂಡಿಗೆ ಇಳಿದು ಸಂದಿಯಲ್ಲಿ ನುಸುಳಿತು. ಬಿಳಿ ಬೆನ್ನು ಪೊದೆಗಳ ನಡುವೆ ಒಮ್ಮೆ ಮಿಂಚಿ ಮಾಯವಾಯಿತು.

ಮೊದಲು ಚಪ್ಪಾಳೆ ತಟ್ಟಿದ್ದು ಬೈಕಿನವರು. ಆಮೇಲೆ ಅಕ್ಕಪಕ್ಕದ ಬಾಲ್ಕನಿಗಳಲ್ಲಿದ್ದವರೂ ತಟ್ಟಿದರು. ಗೌಡ ಮಾಮ ಹುಲ್ಲಿನ ನಡುವೆ ಕೊಡೆ ಊರಿ ನಿಂತು, "ನೋಡಿದ್ರೇನ್ರೋ? ಮೇಕೆ ಅಂದ್ರಲ್ಲ, ನೋಡಿದ್ರೇನ್ರೋ?" ಎಂದು ಕೂಗುತ್ತಿದ್ದರು. ಯಾರನ್ನು ಕೇಳುತ್ತಿದ್ದಾರೆಂದು ಅಲ್ಲಿ ನಮ್ಮ ಹೊರತು ಯಾರಿಗೂ ತಿಳಿದಿರಲಾರದು. ಅಂದು ಊರಲ್ಲಿ ನಕ್ಕವರಲ್ಲಿ ಬಹುಪಾಲು ಜನ ಈಗ ಬದುಕಿಲ್ಲ. ಅಪ್ಪ ಕೈ ಇಳಿಸಿ ಅಲ್ಲೇ ಕಟ್ಟಡಕ್ಕೆಂದು ತಂದಿದ್ದ ಒಂದು ಸೈಜುಗಲ್ಲಿನ ಮೇಲೆ ಕೂತರು. ಮಂಡಿ ಒತ್ತಿಕೊಳ್ಳುತ್ತಾ ನಗುತ್ತಿದ್ದರು. ಕಣ್ಣಲ್ಲಿ ನೀರೂ ಬರುತ್ತಿತ್ತು.

ಅರಣ್ಯ ಇಲಾಖೆಯ ಜೀಪು ಬಂದಾಗ ಬೆಡ್‌ಶೀಟು ಮಡಿಚಿಯಾಗಿತ್ತು. ಇಳಿದ ಗಾರ್ಡ್ ಮೊದಲು ನಮ್ಮನ್ನೆಲ್ಲ ಬೈದರು. "ಯಾರ್ ಮೇಡಂ ನಿಮಗೆ ಹತ್ರ ಹೋಗೋಕ್ ಹೇಳಿದ್ದು? ಹಾಯ್ದಿದ್ರೆ?" ಆಮೇಲೆ ಬೈಕಿನವರು ತೆಗೆದ ವಿಡಿಯೊ ನೋಡಿದರು. ಮತ್ತೊಮ್ಮೆ ನೋಡಿ ಅಪ್ಪನ ಕಡೆ ತಿರುಗಿದರು.

"ಸಖತ್ತಾಗಿ ನಿಂತಿದ್ದೀರ ಅಂಕಲ್. ಮುಂಚೆ ಏನಾದ್ರೂ ಅಭ್ಯಾಸ ಇತ್ತಾ?"

"ಇಲ್ದೇ ಏನು?" ಗೌಡ ಮಾಮ ಹೆಮ್ಮೆಯಿಂದ ಶುರುಮಾಡಿದರು. "ನಾವಿಬ್ರೂ ಆ ಕಾಲದಲ್ಲಿ ಶಿ..."

ಅಪ್ಪ ಅವರ ಕಾಲು ತುಳಿದರು.

"ಶಿ... ಶಿಸ್ತಾಗಿ ಹಸು ಕಾಯ್ತಿದ್ವಿ," ಎಂದರು ಗೌಡ ಮಾಮ. ಗೆಳತಿ ಕೆಮ್ಮುವ ನೆಪದಲ್ಲಿ ಬೆಡ್‌ಶೀಟಿನೊಳಗೆ ಮುಖ ಮುಚ್ಚಿಕೊಂಡಳು. ಗಾರ್ಡ್ ಸಂದಿಯನ್ನು ನೋಡಿಕೊಂಡು ಹೋದರು. ಆ ವಾರದಲ್ಲೇ ಜನ ಬಂದು ಕಲ್ಲು ತುಂಬಿ ಹೊಸ ತಂತಿ ಬಿಗಿದರೆಂದು ಗೆಳತಿ ಹೇಳಿದಳು.

ಆಮೇಲೆ ಆ ಜಿಂಕೆ ಬಹಳ ದಿನ ಕಾಣಲಿಲ್ಲ. ಚಿರತೆ ಹಿಡಿದಿರಬಹುದು, ಅಂಥ ಬಿಳಿ ಮೈ ಎಲ್ಲಿಯೂ ಅಡಗದು ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಅಪ್ಪನಿಗೆ ಹೇಳಿರಲಿಲ್ಲ. ಅವರು ದಿನಾ ರಾತ್ರಿ ಊಟಕ್ಕೆ ಕೂತಾಗ, "ನಿನ್ ಫ್ರೆಂಡ್ ಏನಾದ್ರೂ ಕಳಿಸಿದ್ಲಾ?" ಎಂದು ಕೇಳುತ್ತಿದ್ದರು.

ಗೆಳತಿ ಫೋಟೊ ಕಳಿಸಿದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಅವಳಿಗೆ ಅಂದು ರಜೆ. ಬೇಲಿಯಾಚೆ, ಬಂಡೆಯ ನೆರಳಲ್ಲಿ ಅದೇ ಬಿಳಿ ಜಿಂಕೆ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ತಲೆ ತೂರಿಸಿ ಹಾಲು ಕುಡಿಯುತ್ತಿದ್ದ ಮರಿ. ಮರಿ ಪೂರ್ತಿ ಕಂದು. ಮೈತುಂಬ ಚುಕ್ಕೆ, ನೆಟ್ಟಗಿನ ಬೆನ್ನು, ಚೂಪು ಮೂತಿ. ಪಕ್ಕದಲ್ಲಿ ಫಿಸಿಕ್ಸ್ ಮೇಷ್ಟ್ರು ಬೆಚ್ಚುವಷ್ಟು ಜೋರಾಗಿ ಮೇಜು ತಟ್ಟಿ ಅಪ್ಪನಿಗೆ ಫೋನು ಮಾಡಿದೆ. ಅವರು ಕಟಿಂಗ್ ಮಾಡಿಸುತ್ತಾ ಕೂತಿದ್ದರು. ಕತ್ತರಿಯ ಸದ್ದು ಕೇಳುತ್ತಿತ್ತು.

"ಅಪ್ಪ, ಮರಿ ಹಾಕಿದೆ! ಬಣ್ಣ ಸರಿಯಾಗಿದೆ, ದವಡೆ ಸರಿಯಾಗಿದೆ!"

"ಹಂಗಾದ್ರೆ ಆ ಬಿಳಿ ಇಲ್ಲಿಗೆ ಮುಗೀತಾ?" ಅಪ್ಪನ ದನಿಯಲ್ಲಿ ಸಂತೋಷವೂ ಇತ್ತು, ಇನ್ನೇನೋ ಇತ್ತು.

"ಇಲ್ಲಪ್ಪ. ಅದು ಮರಿಯೊಳಗೆ ಅಡಗಿರತ್ತೆ, ಕಾಣಲ್ಲ ಅಷ್ಟೇ. ಮುಂದೆ ಯಾವಾಗಲೋ ಇನ್ನೊಂದರಲ್ಲಿ ಮತ್ತೆ ಬರಬಹುದು."

ಕತ್ತರಿಯ ಸದ್ದು ನಿಂತಿತು. ಅಪ್ಪ ಫೋನನ್ನು ಕಿವಿಯಿಂದ ಸರಿಸಿ ಕಟಿಂಗ್ ಶಾಪಿನವನಿಗೆ ಹೇಳುತ್ತಿದ್ದುದು ಕೇಳಿಸಿತು: "ಒಂದ್ನಿಮಿಷ ಇರಪ್ಪ, ಆಮೇಲೆ ಕತ್ತರಿಸು. ಒಂದು ಜಿಂಕೆ ವಿಷ್ಯ ಹೇಳ್ತೀನಿ, ಕೇಳು."